ಕೈ ಅದ್ದದ ನೀರು

ನನ್ನ ತಮ್ಮನಿಗೆ ಗುರುಶಾಂತಯ್ಯ ಎಂಬ ಹೆಸರಿದೆ. ಆ ಹೆಸರಿನಿಂದ ಅವನನ್ನು ಯಾರಾದರೂ ಕರೆದದ್ದನ್ನು ನಾನು ಬಹಳ ವರ್ಷ ಕೇಳಿರಲಿಲ್ಲ. ಮರಾಠಿ ಸೀಮೆಯ ತುರೋರಿಯ ಸಡಕಿನಿಂದ ಒಳಗೆ ಹೋದರೆ ಸಿಗುವ ನಮ್ಮ ಊರಿನಲ್ಲೂ, ಅದರಾಚೆಯ ಎರಡು ಹಳ್ಳಿಗಳಲ್ಲೂ ಅವನು ಅಯ್ಯನೋರು. ಸಣ್ಣ ಮಕ್ಕಳಿಗೂ ಅಯ್ಯನೋರು, ಕೋಲು ಹಿಡಿದ ಮುದುಕರಿಗೂ ಅಯ್ಯನೋರು. ನಾನು ಅವನಿಗಿಂತ ದೊಡ್ಡವಳು, ಸೊಂಟದ ಮೇಲೆ ಹೊತ್ತು ಆಡಿಸಿದವಳು. ನಾನೂ ತಮ್ಮಯ್ಯ ಎನ್ನುತ್ತೇನೆ, ಬರೀ ತಮ್ಮ ಎನ್ನುವುದಿಲ್ಲ.

ನಮ್ಮದು ಜಂಗಮರ ಮನೆ. ಶಿವಭಕ್ತರ ಮನೆಗಳಲ್ಲಿ ಮದುವೆ, ತೊಟ್ಟಿಲು, ಹೊಸ ಮನೆ, ಸಾವು, ಯಾವುದಿದ್ದರೂ ನಮ್ಮವರು ಹೋಗಬೇಕು. ಹೋದ ಕೂಡಲೇ ಪಾದಪೂಜೆ. ಅಯ್ಯನನ್ನು ಮಣೆಯ ಮೇಲೆ ಕೂಡಿಸಿ, ಕಾಲ ಕೆಳಗೆ ಹಿತ್ತಾಳೆ ಪರಾತ ಇಟ್ಟು, ತಂಬಿಗೆಯಿಂದ ನೀರು ಎರೆಯುತ್ತಾರೆ. ಮಂತ್ರ ಮುಗಿದ ಮೇಲೆ ಕಾಲು ಉಜ್ಜಿ ತೊಳೆದು, ವಿಭೂತಿ ಹಚ್ಚಿ, ಬಿಲ್ವಪತ್ರಿ ಏರಿಸಿ, ಆ ನೀರನ್ನು ಮನೆಯವರೆಲ್ಲ ತೀರ್ಥವೆಂದು ತೆಗೆದುಕೊಳ್ಳುತ್ತಾರೆ. ಉಳಿದದ್ದು ಪತ್ರಿ ಗಿಡದ ಬುಡಕ್ಕೆ, ಯಾರೂ ತುಳಿಯದ ಜಾಗಕ್ಕೆ. ನಮ್ಮ ಕಡೆ ಇನ್ನೂ ಒಂದು ಕಟ್ಟು ಉಂಟು. ಆ ನೀರು ಮೀಸಲು. ಬಾವಿಯಿಂದ ಸೇದಿದ ಮೇಲೆ ಅಯ್ಯನ ಪಾದ ಮುಟ್ಟುವ ತನಕ ಅದರಲ್ಲಿ ಯಾರ ಬೆರಳೂ ಅದ್ದಬಾರದು. ಮೊದಲು ಮುಟ್ಟುವುದು ಪಾದವೇ.

ನಮ್ಮ ಅಪ್ಪ ತೀರಿಕೊಂಡಾಗ ತಮ್ಮಯ್ಯ ಗೋಲಿ ಆಡುವ ಹುಡುಗ. ಮಠದವರು ಅವನಿಗೆ ಅಯ್ಯಾಚಾರ ಮಾಡಿದರು, ಎಂದರೆ ದೀಕ್ಷೆ ಕೊಟ್ಟರು. ಹಿಂದಿನ ದಿನದ ತನಕ ಕೆಸರುಗಾಲಲ್ಲಿ ಅಡುಗೆಮನೆಗೆ ಬಂದನೆಂದು ನಾನು ಅವನಿಗೆ ಹೊಡೆಯುತ್ತಿದ್ದೆ. ಮರುದಿನ ಅದೇ ಕಾಲಿಗೆ ನೀರು ಎರೆದು ನಾನೂ ತೀರ್ಥ ತೆಗೆದುಕೊಂಡೆ. ಅಲ್ಲಿಂದ ಅವನಿಗೆ ಹೊಡೆದವರಿಲ್ಲ, ಬೈದವರಿಲ್ಲ. ಹೊಲದ ಕೆಲಸ ಹೇಳಿದವರಿಲ್ಲ. ಶಾಲೆ ಬಿಟ್ಟನು. ಅವನು ಕಂಡ ಊರು ಎಂದರೆ ಉಮರ್ಗಾದ ಬಜಾರು, ಔರಾದ ಶಹಾಜನಿಯ ಮಠ, ಬಸ್ಸಿನ ಕಿಟಕಿಯಿಂದ ನಿಲಂಗಾ. ಅಲ್ಲಿಗೆ ಹೋದಾಗಲೂ ಬಸ್ಸು ಇಳಿಯುವ ಕಡೆ ಯಾರೋ ಒಬ್ಬ ಭಕ್ತರು ನಿಂತಿರುತ್ತಿದ್ದರು. ಅವನ ಗುರುತು ಇಲ್ಲದ ಜನರ ನಡುವೆ ಅವನು ಒಂದು ಹೊತ್ತು ಕೂಡ ನಿಂತವನಲ್ಲ. ಅವನ ಹೆಂಡತಿ ತೀರಿಕೊಂಡ ಮೇಲೆ, ವಿಧವೆಯಾಗಿದ್ದ ನಾನೂ ಅದೇ ಮನೆಗೆ ಬಂದೆ. ಹಾಗಾಗಿ ಇದನ್ನೆಲ್ಲ ಹತ್ತಿರದಿಂದ ನೋಡಿದ್ದೇನೆ. ನೋಡಿದ್ದೇನೆ ಎಂದರೆ ತಿಳಿದಿದ್ದೇನೆ ಎಂದಲ್ಲ.

ಅವನಿಗೆ ಸಕ್ಕರೆ ಕಾಯಿಲೆ ಹತ್ತಿತು. ಕರೆದ ಮನೆಯಲ್ಲಿ ಹೋಳಿಗೆ ಬಡಿಸಿದರೆ ಅಯ್ಯ ಒಲ್ಲೆ ಎನ್ನುವ ರೂಢಿ ಇಲ್ಲ. ಉಮರ್ಗಾದ ಡಾಕ್ಟರು ಗುಳಿಗೆ ಕೊಟ್ಟರು. ಗುಳಿಗೆಯನ್ನೂ ನುಂಗುತ್ತಿದ್ದನು, ಹೋಳಿಗೆಯನ್ನೂ ತಿನ್ನುತ್ತಿದ್ದನು. ಕಾಲುಗಳು ಮರಗಟ್ಟಿದಂತೆ ಆಗಿವೆ ಎಂದು ಒಮ್ಮೆ ಅಂದಿದ್ದನು. ವಯಸ್ಸಿನದು ಎಂದುಕೊಂಡೆವು.

ಭಕ್ತರ ಮನೆಗಳಲ್ಲಿ ಹಿರಿಯ ಧೂಳಪ್ಪ. ಎಳ್ಳ ಅಮಾವಾಸ್ಯೆಗೆ ನಮ್ಮ ಕಡೆ ಎಲ್ಲರೂ ಹೊಲಕ್ಕೆ ಹೋಗಿ ಪೂಜೆ ಮಾಡಿ ಉಣ್ಣುತ್ತಾರೆ. ಅದಾದ ಕೆಲವೇ ದಿನಕ್ಕೆ ಧೂಳಪ್ಪನ ಅಪ್ಪನ ಪುಣ್ಯತಿಥಿ. ಆ ವರ್ಷ ಚಳಿ ಬಹಳ. ಧೂಳಪ್ಪನ ಮಗ ಶಿವರಾಯನಿಗೆ ಆಗಷ್ಟೇ ಮದುವೆಯಾಗಿ, ಲೋಹಾರಾದಿಂದ ಮೀನಲ ಎಂಬ ಸೊಸೆ ಬಂದಿದ್ದಳು. ಅಯ್ಯನೋರಿಗೆ ನೀರು ಸ್ವಲ್ಪ ಕಾಯಿಸು ಎಂದು ಅತ್ತೆ ಹೇಳಿದಳು. ಮೀನಲ ಗ್ಯಾಸಿನ ಮೇಲೆ ಕಾಯಿಸಿ ತಂದಳು. ಕೈ ಹಾಕಿ ನೋಡಲೇ ಎಂದು ಬಾಗಿಲಲ್ಲಿ ಮೆಲ್ಲಗೆ ಕೇಳಿದಳು. ಅತ್ತೆ ಕಣ್ಣು ದೊಡ್ಡದು ಮಾಡಿದಳು. ಧೂಳಪ್ಪ ಹೆಗಲ ಮೇಲಿನ ಶಲ್ಯದಲ್ಲಿ ತಂಬಿಗೆ ಹಿಡಿದು, ಮಂತ್ರದ ಜೊತೆ ಎರೆದನು. ನೀರು ಎಡಗಾಲಿನ ಬೆರಳುಗಳ ಮೇಲೆ ನೇರವಾಗಿ ಬಿತ್ತು. ಹಬೆ ಎದ್ದಿತು. ನಾನು ಗೋಡೆಯ ಹತ್ತಿರ ಕುಳಿತು ನೋಡುತ್ತಿದ್ದೆ. ತಮ್ಮಯ್ಯನ ಮುಖದಲ್ಲಿ ಏನೂ ಆಗಲಿಲ್ಲ. ಹಬೆ ಚಳಿಯದು ಎಂದುಕೊಂಡೆ. ಮಂತ್ರ ಮುಗಿದು ಕಾಲು ಉಜ್ಜುವ ಹೊತ್ತಿಗೆ ಪರಾತದ ನೀರು ಆರಿತ್ತು.

ಸಂಜೆ ಮನೆಯಲ್ಲಿ ನೋಡಿದರೆ ಎಡಗಾಲ ಹೆಬ್ಬೆರಳು ಬೊಬ್ಬೆ ಎದ್ದು ಊದಿತ್ತು. ಅವನಿಗೆ ನೋವಿಲ್ಲ. ನಾನು ತೋರಿಸಿದ ಮೇಲೆ ಅವನು ನೋಡಿದ್ದು. ಕಾಲನ್ನು ಧೋತರದೊಳಗೆ ಎಳೆದುಕೊಂಡು ಹೇಳಿದನು:

"ಅಕ್ಕಾ, ಇದು ಯಾರ ಮುಂದೂ ಅನಬ್ಯಾಡ. ಅಯ್ಯನ ಪಾದಾ ಸುಟ್ಟಿವಿ ಅಂತ ಗೊತ್ತಾದ್ರ ಆ ಮನಿಯವರು ಊಟಾ ಬಿಡತಾರ. ಆ ಹುಡುಗಿಗಿ ಏನ ಅಂತಾರೋ."

ನಾನು ಅರಿಸಿನ ಹಚ್ಚಿದೆ. ಗಾಯ ಮಾಯಲಿಲ್ಲ. ಅವನು ಮನೆಗಳಿಗೆ ಹೋಗುವುದನ್ನು ನಿಲ್ಲಿಸಲಿಲ್ಲ. ಎಡಗಾಲು ಹಿಂದೆ ಮಡಿಸಿ, ಬಲಗಾಲು ಮಾತ್ರ ಪರಾತಕ್ಕೆ ಚಾಚುತ್ತಿದ್ದನು. ಅಯ್ಯ ಯಾಕೆ ಹೀಗೆ ಮಾಡಿದ ಎಂದು ಯಾರು ಕೇಳುತ್ತಾರೆ? ಕೆಲವು ಮನೆಗಳಲ್ಲಿ ಅದೂ ಒಂದು ಪದ್ಧತಿಯೇ ಇರಬೇಕು ಎಂದು ಬಲಗಾಲಿಗೇ ಎರೆದರು. ಶಿವರಾತ್ರಿಗೆ ಅವನ ಮಗ ನಂದಕುಮಾರ ಬಂದನು. ಉಮರ್ಗಾದಲ್ಲಿ ಝೆರಾಕ್ಸ್ ಅಂಗಡಿ ಇಟ್ಟವನು. ಒಳಗೆ ಬಂದವನೇ ವಾಸನೆ ಹಿಡಿದನು. ಧೋತರದ ಅಂಚು ಎತ್ತಿಸಿ ನೋಡಿದನು. ಬೆರಳು ಕಪ್ಪಾಗಿತ್ತು. ಉಮರ್ಗಾದ ಡಾಕ್ಟರು ಉದಗೀರಕ್ಕೆ ಹೋಗಿ ಎಂದರು. ಮರುದಿನ ನಾವು ಮೂವರೂ ಬಸ್ಸು ಹತ್ತಿದೆವು.

ನಿಲಂಗಾದಲ್ಲಿ ಬಸ್ಸು ಬದಲಿಸಬೇಕು. ಸ್ಟ್ಯಾಂಡಿನ ಹೋಟೆಲಿನಲ್ಲಿ ನಂದಕುಮಾರ ಒಗ್ಗರಣೆ ಚುರುಮುರಿಯ ಸುಸಲಾ ತರಲು ಹೇಳಿದನು. ತಮ್ಮಯ್ಯ ಹೋಟೆಲಿನಲ್ಲಿ ಕುಳಿತದ್ದು ಅದೇ ಮೊದಲು. ತಟ್ಟೆ ಬಂತು. ಅವನು ಕೈ ಮಡಿಲಲ್ಲಿಟ್ಟು ಕುಳಿತನು. ನಾವು ತಿನ್ನತೊಡಗಿದೆವು. ಅವನು ತಿನ್ನಲಿಲ್ಲ. ಸೇರುವುದಿಲ್ಲವೇನೋ ಎಂದುಕೊಂಡೆ. ಆಮೇಲೆ ತಿಳಿಯಿತು. ಮನೆಗಳಲ್ಲಿ ಬಡಿಸಿದ ಮೇಲೆ ಮನೆಯ ಯಜಮಾನ ಕೈ ಮುಗಿದು, ಪ್ರಸಾದ ಮಾಡಿ ಎಂದು ಬೇಡಿಕೊಳ್ಳಬೇಕು. ಅದಾಗುವ ತನಕ ಅಯ್ಯ ತುತ್ತು ಎತ್ತುವುದಿಲ್ಲ. ಹೋಟೆಲಿನವನು ಆ ಕಡೆ ಭಜಿ ಕರಿಯುತ್ತಿದ್ದನು.

"ಅಪ್ಪಾ, ಇಲ್ಲಿ ಯಾರೂ ಅನ್ನಂಗಿಲ್ಲ," ಎಂದನು ನಂದಕುಮಾರ. "ಬಸ್ ಬರತದ, ತಿನ್ನು."

ತಿಂದನು. ತಿಂದ ಮೇಲೆ ಹರಸಬೇಕಲ್ಲ, ಯಾರನ್ನು ಹರಸುವುದೆಂದು ಸುತ್ತ ನೋಡಿ, ಹೋಟೆಲಿನವನ ಬೆನ್ನಿನ ಕಡೆ ಕೈ ಎತ್ತಿದನು. ನನಗೆ ನಗು ಬಂತು. ನಗು ನುಂಗಿ, ಅವನ ತಟ್ಟೆಯನ್ನು ನಾನೇ ಎತ್ತಿಟ್ಟೆ.

ಉದಗೀರದ ಆಸ್ಪತ್ರೆಯಲ್ಲಿ ಒಬ್ಬಳು ಬಾಗಿಲಿಗೆ ಬಂದು ಗುರುಶಾಂತಯ್ಯ ಯಾರು ಎಂದು ಕೂಗಿದಳು. ತಮ್ಮಯ್ಯ ಕದಲಲಿಲ್ಲ. ಇನ್ನೊಮ್ಮೆ ಕೂಗಿದಳು. ಅವನು ಬೇರೆಯವರ ಕಡೆ ನೋಡಿದನು, ಯಾರು ಏಳುತ್ತಾರೆ ಎಂದು. ಮಗ ಭುಜ ತಟ್ಟಿದ ಮೇಲೆ ಎದ್ದನು. ಕೂಗಿದವಳು ನರ್ಸು, ಶೀತಲ್ ಎಂದು ಹೆಸರು. ಮರಾಠಿಯವಳು, ಮಾತು ಮೃದು. ಅವನನ್ನು ಮಂಚದ ಮೇಲೆ ಕೂಡಿಸಿ, ಕೈಗೆ ರಬ್ಬರಿನ ಚೀಲ ಹಾಕಿಕೊಂಡು, ಕಾಲ ಕೆಳಗೆ ಸ್ಟೀಲಿನ ಬೋಗುಣಿ ಇಟ್ಟಳು.

ಕಾಲ ಕೆಳಗೆ ಪಾತ್ರೆ ಬಂದ ಕೂಡಲೇ ತಮ್ಮಯ್ಯ ಬೆನ್ನು ನೆಟ್ಟಗೆ ಮಾಡಿದನು. ಕಣ್ಣು ಮುಚ್ಚಿದನು. ಬಲಗೈ ಎತ್ತಿ ಹಿಡಿದು ಬಾಯೊಳಗೆ ಮಂತ್ರ ಹೇಳತೊಡಗಿದನು. ಶೀತಲ್ ನನ್ನ ಕಡೆ ಒಮ್ಮೆ ನೋಡಿ, ಏನೂ ಅನ್ನದೆ ತೊಳೆದಳು. ದುಖತಂಯ ಕಾ ಬಾಬಾ, ನೋಯುತ್ತದೆಯೇ, ಎಂದು ಕೇಳಿದಳು. ಅವನು ಮಂತ್ರ ಬಿಡಲಿಲ್ಲ. ಒರೆಸಿದಳು. ಬೋಗುಣಿ ಎತ್ತಿಕೊಂಡು ಮೂಲೆಗೆ ಹೋಗಿ ಮೋರಿಗೆ ಚೆಲ್ಲಿದಳು. ಆ ಸಪ್ಪಳಕ್ಕೆ ಅವನು ಕಣ್ಣು ತೆರೆದನು. ಎತ್ತಿದ ಕೈ ಹಾಗೇ ಇತ್ತು.

"ಅಕ್ಕಾ, ಆಕಿ ಚೆಲ್ಲಿದಳು."

"ಹೂಂ."

"ಮೋರಿಗಿ."

"ಹೂಂ ತಮ್ಮಯ್ಯಾ."

ಸಿಟ್ಟಾಗಿರಲಿಲ್ಲ. ಅವನ ಸಿಟ್ಟು ನನಗೆ ಗೊತ್ತು. ದಿನಾ ಹೋಗಿ ಬರುವ ಮನೆಯಲ್ಲಿ ಒಂದು ಬೆಳಿಗ್ಗೆ ಬಾಗಿಲು ಬೇರೆ ಗೋಡೆಗೆ ಇದ್ದರೆ ಹೇಗೆ ನಿಲ್ಲುತ್ತೇವೋ, ಹಾಗೆ ಇತ್ತು ಅವನ ಮುಖ. ಮೋರಿಗೆ ಚೆಲ್ಲಬೇಕಾದ ನೀರೇ ಅದು, ಕೀವು ಇತ್ತು, ರಕ್ತ ಇತ್ತು. ಅದು ನನಗೂ ಕಾಣುತ್ತಿತ್ತು. ಆದರೂ ನನ್ನ ಕೈ ತಾನಾಗಿಯೇ ಮುಂದೆ ಹೋಗಿತ್ತು, ಬೋಗುಣಿ ಹಿಡಿಯಲು.

ಪಕ್ಕದ ಮಂಚದಲ್ಲಿ ಮಾಣಿಕಪ್ಪ ಎಂಬ ಕುರಿಗಾರ ಇದ್ದನು. ಔರಾದ ಶಹಾಜನಿಯ ಕಡೆಯವನು, ಬೀರಪ್ಪ ದೇವರ ಒಕ್ಕಲು. ಜಾಲಿಯ ಮುಳ್ಳು ಚುಚ್ಚಿ ಕಾಲಿನ ಎರಡು ಬೆರಳು ಕಳೆದುಕೊಂಡಿದ್ದನು. ಮಂಚದ ಕಂಬಿಗೆ ಭಂಡಾರದ ಚೀಲ ಕಟ್ಟಿ, ಬೆಳಿಗ್ಗೆ ಎದ್ದು ಆ ಅರಿಸಿನ ಹಣೆಗೆ ಹಚ್ಚಿಕೊಂಡೇ ಔಷಧ ತೆಗೆದುಕೊಳ್ಳುತ್ತಿದ್ದನು. ಹೆಂಡತಿ ಗುಂಡಮ್ಮ ಕೆಳಗೆ ಕುಳಿತಿರುತ್ತಿದ್ದಳು. ನಾವು ಕನ್ನಡ ಆಡುವುದು ಕೇಳಿ ಮಾಣಿಕಪ್ಪ ಬಹಳ ಖುಷಿಪಟ್ಟನು.

"ಮಾವಾ, ಯಾವೂರು?"

ತಮ್ಮಯ್ಯನನ್ನು ಮಾವಾ ಎಂದವರು ಯಾರೂ ಇಲ್ಲ. ತನಗೇ ಹೇಳಿದ್ದೆಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ತುರೋರಿ ಕಡಿ."

"ಏನ ಮಾಡತೀರಿ?"

ತಮ್ಮಯ್ಯ ಯೋಚಿಸಿದನು. ಇದನ್ನೂ ಯಾರೂ ಕೇಳಿರಲಿಲ್ಲ. "ಮನಿ ಮನಿ ತಿರಗತೀನಿ."

"ಏನ ಮಾರತೀರಿ?"

"ಏನೂ ಮಾರಂಗಿಲ್ಲ."

"ಮನಿ ಮನಿ ತಿರಗಿ ಏನೂ ಮಾರಂಗಿಲ್ಲ ಅಂದ್ರ, ಇಲೆಕ್ಷನ್ನಿಗಿ ನಿಂತೀರೇನ ಮತ್ತ?"

ಗುಂಡಮ್ಮ ಸೆರಗು ಬಾಯಿಗೆ ಹಿಡಿದಳು. ತಮ್ಮಯ್ಯ ಹೇಳಿದನು, ಹೋದರೆ ಕೂಡಿಸುತ್ತಾರೆ, ಉಣಿಸುತ್ತಾರೆ ಎಂದು.

"ಯಾಕ?"

ಮಾಣಿಕಪ್ಪ ಕೆಣಕಲು ಕೇಳಿದ್ದಲ್ಲ, ಗೊತ್ತಿಲ್ಲದೆ ಕೇಳಿದ್ದು. ತಾನು ಅಯ್ಯನೋರು ಎಂದು ತಮ್ಮಯ್ಯ ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು. ಅವನು ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಅನ್ನುವುದನ್ನು ಅವನು ಕಲಿತೇ ಇರಲಿಲ್ಲವೋ, ಬೇಕೆಂದೇ ಬಿಟ್ಟನೋ, ನನಗೆ ತಿಳಿಯಲಿಲ್ಲ. ಅಂದು ಇಡೀ ಮಧ್ಯಾಹ್ನ ಮಾಣಿಕಪ್ಪ ಅವನನ್ನು ಮಾವಾ ಮಾವಾ ಎನ್ನುತ್ತಾ ಕುರಿಗಳ ಸುದ್ದಿ ಹೇಳಿದನು. ಕುರಿಯ ಗೊರಸಿಗೆ ಹುಳ ಬಿದ್ದರೆ ಏನು ಮಾಡುತ್ತಾರೆ, ಯಾವ ಕುರಿ ಹೆಂಡತಿಗಿಂತ ಹೆಚ್ಚು ಮಾತು ಕೇಳುತ್ತದೆ ಎಂದೆಲ್ಲ. ತಮ್ಮಯ್ಯನ ಬೆರಳು ತೆಗೆಯಬೇಕಾಗುತ್ತದೆಂಬ ಸುದ್ದಿ ಕೇಳಿದಾಗ, "ಹೋಗಲಿ ಬಿಡ್ರಿ ಮಾವಾ, ಕುರಿ ಎಣಸಾಕ ಕೈ ಬೆರಳು ಅದಾವಲ್ಲ," ಎಂದನು. ತಮ್ಮಯ್ಯ ಬಾಯಿ ತೆರೆದು ನಕ್ಕನು. ಮಣೆಯ ಮೇಲೆ ಕೂಡುವವರು ಹಾಗೆ ನಗುವುದಿಲ್ಲ. ಆ ನಗು ನಾನು ಅವನ ಗೋಲಿ ಆಡುವ ದಿನಗಳಲ್ಲಿ ಕೇಳಿದ್ದು.

ಅಲ್ಲಿಯ ಹೆಣ್ಣು ಡಾಕ್ಟರನ್ನು ಎಲ್ಲರೂ ಡಾಕ್ಟರಬಾಯಿ ಎನ್ನುತ್ತಿದ್ದರು. ಅವಳು ಸ್ಪಷ್ಟವಾಗಿ ಹೇಳಿದ್ದಳು. ಹೆಬ್ಬೆರಳು ಸತ್ತಿದೆ. ನಾಳೆಯೊಳಗೆ ತೆಗೆದರೆ ಪಾದ ಉಳಿಯುತ್ತದೆ. ತಡ ಮಾಡಿದರೆ ಪಾದ, ಆಮೇಲೆ ಮೊಣಕಾಲು. ಹೇಗೆ ಸುಟ್ಟಿತು ಎಂದು ಕೇಳಿದಳು. ಗೊತ್ತಾಗಲಿಲ್ಲ ಎಂದನು ತಮ್ಮಯ್ಯ. ಅದು ಸುಳ್ಳಲ್ಲ, ಸುಡುವಾಗ ಅವನಿಗೆ ಗೊತ್ತಾಗಿರಲಿಲ್ಲ.

ಆದರೆ ತೆಗೆಯಿರಿ ಎಂದು ಅವನು ಹೇಳಲೊಲ್ಲನು. ಬೆರಳಿಲ್ಲದ ಪಾದಕ್ಕೆ ಪೂಜೆ ಆಗುತ್ತದೆಯೋ ಇಲ್ಲವೋ ಅವನಿಗೆ ಗೊತ್ತಿಲ್ಲ. ಅಪ್ಪ ಹೇಳಿಕೊಟ್ಟಿರಲಿಲ್ಲ, ಮಠದಲ್ಲಿ ಯಾರೂ ಹೇಳಿರಲಿಲ್ಲ. ಪೂಜೆ ಇಲ್ಲದಿದ್ದರೆ ಅವನು ಮತ್ತೇನು? ಆ ಮನೆಗಳವರನ್ನು ಕೇಳಬೇಕು ಎಂದನು. ನಂದಕುಮಾರನಿಗೆ ರೇಗಿತು.

"ಅಪ್ಪಾ, ಕಾಲ ನಿಂದೋ, ಅವರದೋ?"

"ಗೊತ್ತಿಲ್ಲಪಾ," ಎಂದನು. ಖರೇ ಹೇಳಿದನು.

ಕೊನೆಗೆ ಮಗ ಧೂಳಪ್ಪನಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಮಂಚದ ಮೇಲೆ ಇಟ್ಟನು. ಅಯ್ಯನೋರ ಪಾದಕ್ಕೆ ಶರಣಾರ್ಥಿ ಎಂದು ಧೂಳಪ್ಪನ ದನಿ ಬಂತು. ತಮ್ಮಯ್ಯ ವಿಷಯ ಹೇಳಿದನು, ಬಿಸಿನೀರಿನ ಮಾತು ಬಿಟ್ಟು.

"ನಿಮ್ಮೆಲ್ಲರ ಮನಿ ಪಾದಾ ಇದು ಧೂಳಪ್ಪಾ. ಏನ ಮಾಡಲಿ?"

ಫೋನಿನಲ್ಲಿ ಎಲ್ಲೋ ಹಿಂದೆ ಎಮ್ಮೆ ಕೂಗಿದ್ದು ಕೇಳಿಸಿತು.

"ನಾವೇನ ಹೇಳೋಣ್ರಿ. ನೀವು ಹ್ಯಾಂಗ ಅಪ್ಪಣಿ ಕೊಡತೀರಿ ಹಾಂಗ."

"ನಾ ನಿಮಗ ಕೇಳಾಕತ್ತೀನಿ."

"ನಾವು ನಿಮಗ ಕೇಳತೀವಿ ಅಯ್ಯನೋರೆ. ಅಪ್ಪನ ಕಾಲದಿಂದ ಹಂಗೇ ಅದ."

ಫೋನು ಇಟ್ಟ ಮೇಲೆ ನೋಡಿದರೆ ಮಾಣಿಕಪ್ಪ ಎದ್ದು ಕುಳಿತಿದ್ದನು. ಪಟ್ಟಿ ಕಟ್ಟಿದ ಕಾಲನ್ನು ತಮ್ಮಯ್ಯನ ಕಡೆ ಚಾಚಿದ್ದನಲ್ಲ, ನೋವು ನುಂಗಿಕೊಂಡು ಅದನ್ನು ಹಿಂದಕ್ಕೆ ಎಳೆದುಕೊಂಡನು. ಕುರುಬರ ಮನೆಗಳಿಗೂ ಅಯ್ಯನೋರು ಬರುತ್ತಾರೆ, ಅಯ್ಯ ಎಂದರೆ ಯಾರೆಂದು ಅವನಿಗೆ ಗೊತ್ತಿತ್ತು.

"ತಪ್ಪಾತ್ರಿ ಅಯ್ಯನೋರೆ. ಏನೇನೋ ಅಂದೆ."

"ಮಾವಾ ಅಂದ್ರೂ ನಡೀತದ," ಎಂದನು ತಮ್ಮಯ್ಯ.

ಮಾಣಿಕಪ್ಪನಿಗೆ ಅದು ಆಗಲಿಲ್ಲ. ಒಮ್ಮೆ ಬಾಯಿ ತೆರೆದು, ಅಯ್ಯನೋರೆ ಎಂದೇ ಅಂದನು. ಆಮೇಲೆ ಕುರಿಯ ಸುದ್ದಿಯೂ ನಿಂತಿತು. ಇಬ್ಬರೂ ಆಚೆ ಈಚೆ ಮಂಚದಲ್ಲಿ ಒಬ್ಬರನ್ನೊಬ್ಬರು ನೋಡದೆ ಕುಳಿತರು. ಗುಂಡಮ್ಮ ನನ್ನ ಕಡೆ ನೋಡಿದಳು.

ಆ ಸಂಜೆ ತಮ್ಮಯ್ಯ ನನ್ನನ್ನು ಕರೆದನು.

"ಅಕ್ಕಾ, ನೀ ಹೇಳು."

"ನಾ ಏನ ಹೇಳಲ್ರಿ ತಮ್ಮಯ್ಯಾ."

"ಮೊದಲ ನೀ ನನಗ ಹೇಳತಿದ್ದಿ. ಕಾಲ ತೊಳಕೊಂಡ ಬಾ ಅಂತ ಬಯ್ಯತಿದ್ದಿ. ಹಂಗ ಹೇಳು."

ದೀಕ್ಷೆಯಾದ ದಿನದಿಂದ ಆ ಸಂಜೆಯ ತನಕ ಅವನಿಗೆ ಹೀಗೆ ಮಾಡು ಎಂದು ನಾನು ಹೇಳಿದ್ದಿಲ್ಲ. ನನಗೂ ಆ ಮನೆ ಬಿಟ್ಟು ಬೇರೆ ಏನು ಗೊತ್ತು? ಹೇಳಿದರೆ ಅಕ್ಕನಾಗಿ ಹೇಳಿದಂತೆಯೋ, ಭಕ್ತಳಾಗಿ ಅಪಚಾರ ಮಾಡಿದಂತೆಯೋ? ಅವನ ಕಾಲು ನೋಡಿದೆ. ಕಪ್ಪು ಬೆರಳು, ಮಿಕ್ಕದ್ದು ಕೆಂಪಗೆ ಬೆಂದಂತೆ. ಆ ಕಾಲನ್ನು ನಾನು ಮೊದಲು ಕಂಡಾಗ ಅದು ನನ್ನ ಅಂಗೈಯಷ್ಟೇ ಇತ್ತು.

"ತಗಸು," ಎಂದೆ.

ಮರುದಿನ ತೆಗೆದರು. ಕೊರಳಲ್ಲಿದ್ದ ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ತೋಳಿಗೆ ಕಟ್ಟಿಕೊಳ್ಳಲು ಡಾಕ್ಟರಬಾಯಿ ಒಪ್ಪಿದಳು. ಎಚ್ಚರವಾದ ಮೇಲೆ ಬೆರಳು ಎಲ್ಲಿ ಹೋಯಿತು ಎಂದು ಕೇಳಿದನು. ಆಸ್ಪತ್ರೆಯ ಕಸದ ಹಳದಿ ಚೀಲದಲ್ಲಿ ಹಾಕಿ ಒಯ್ಯುತ್ತಾರೆ ಎಂದಳು ಶೀತಲ್. ಎಷ್ಟೋ ಜನರಿಗೆ ಮಣ್ಣು ಕೊಡುವಾಗ ಮುಂದೆ ನಿಂತವನು ಅವನು. ತನ್ನದೇ ಒಂದು ತುಂಡಿಗೆ ಯಾವ ಮಂತ್ರವೂ ಹೇಳದೆ ಬಿಟ್ಟದ್ದು ಸರಿಯೇ ಎಂದು ನನ್ನನ್ನು ಕೇಳಿದನು. ನಾನು ಶೀತಲ್‌ಳನ್ನು ಕೇಳಿದೆ. ಅವಳಿಗೆ ಪ್ರಶ್ನೆಯೇ ತಿಳಿಯಲಿಲ್ಲ.

ಊರಿಗೆ ಬಂದೆವು. ಬರಿಗಾಲಲ್ಲಿ ಒಂದು ಹೆಜ್ಜೆಯೂ ಇಡಬಾರದು ಎಂದು ಮೆತ್ತನೆಯ ಚಪ್ಪಲಿ ಕೊಟ್ಟಿದ್ದರು. ದಿನಾ ಉಗುರುಬೆಚ್ಚಗಿನ ನೀರಿನಲ್ಲಿ ಔಷಧ ಹಾಕಿ ಕಾಲು ತೊಳೆಯಬೇಕು. ನೀರನ್ನು ಮೊದಲು ಬೇರೆಯವರು ಕೈ ಹಾಕಿ ನೋಡಬೇಕು, ಯಾಕೆಂದರೆ ಅವನ ಕಾಲಿಗೆ ತಿಳಿಯುವುದಿಲ್ಲ. ಮೊದಲ ದಿನ ನಾನು ಕೈ ಅದ್ದಿದೆ. ಅವನು ನೋಡುತ್ತಿದ್ದನು.

"ನೀ ಕೈ ಅದ್ದಿದಿ ಅಕ್ಕಾ."

"ಡಾಕ್ಟರಬಾಯಿ ಹೇಳ್ಯಾಳ್ರಿ."

ತೊಳೆದಾದ ಮೇಲೆ ಪಾತ್ರೆ ಹಿಡಿದು ಹಿತ್ತಿಲಲ್ಲಿ ನಿಂತೆ. ಪತ್ರಿ ಗಿಡಕ್ಕೆ ಹಾಕಿದರೆ ಔಷಧಕ್ಕೆ ಗಿಡ ಸುಡುತ್ತದೆ. ಮೋರಿಗೆ ಹಾಕಲು ಕೈ ಬರಲಿಲ್ಲ. ಗೋಡೆಯ ಬದಿಗೆ, ಏನೂ ಬೆಳೆಯದ, ಯಾರೂ ತುಳಿಯದ ಕಡೆ ಹಾಕಿದೆ. ಇಂದಿಗೂ ಅಲ್ಲೇ ಹಾಕುತ್ತೇನೆ. ಅದು ಸರಿಯೋ ತಪ್ಪೋ ಯಾರೂ ಹೇಳಿಲ್ಲ.

ಮನೆಗಳವರು ನೋಡಲು ಬಂದರು. ಹಣ್ಣು ತಂದರು, ದೂರದಿಂದ ನಮಸ್ಕಾರ ಮಾಡಿದರು. ಎಲ್ಲರ ಕಣ್ಣೂ ಒಮ್ಮೆ ಎಡಗಾಲಿಗೆ ಹೋಗಿ ಬರುತ್ತಿತ್ತು. ಯಾರೂ ಕೆಟ್ಟ ಮಾತಾಡಲಿಲ್ಲ. ಆದರೆ ಮದುವೆಗೆ ಲೋಹಾರಾದ ಕಡೆಯ ಒಬ್ಬ ಅಯ್ಯನನ್ನು ಕರೆಸಿದರು, ತೊಟ್ಟಿಲಿಗೂ ಅವನನ್ನೇ. ತಮ್ಮಯ್ಯ ಬೆಳಿಗ್ಗೆ ಸ್ನಾನ ಮಾಡಿ, ಲಿಂಗಪೂಜೆ ಮಾಡಿ, ವಿಭೂತಿ ಧರಿಸಿ ಕಟ್ಟೆಯ ಮೇಲೆ ಕುಳಿತುಕೊಳ್ಳುತ್ತಿದ್ದನು. ಇವತ್ತು ನಾನು ಏನು ಮಾಡಲಿ ಎಂದು ಕೇಳುತ್ತಿದ್ದನು. ಹಗಲೆಲ್ಲ ಹೇಗೆ ಕಳೆಯುವುದೆಂದು ಆ ವಯಸ್ಸಿನಲ್ಲಿ ಒಬ್ಬನಿಗೆ ಕಲಿಸುವುದು ಹೇಗೆ?

ನಂದಕುಮಾರ ಅವನನ್ನು ಉಮರ್ಗಾದ ಅಂಗಡಿಗೆ ಕರೆದುಕೊಂಡು ಹೋದನು. ಸುಮ್ಮನೆ ಕೂಡಿ, ಜನರನ್ನು ನೋಡಿ ಎಂದು. ಸಂಜೆಯ ಬಸ್ಸಿಗೇ ತಮ್ಮಯ್ಯ ತಿರುಗಿ ಬಂದನು. ಏನಾಯಿತು ಎಂದು ಕೇಳಿದೆ. ಯಾರೋ ಬಂದು, ಕಾಕಾ ಸ್ವಲ್ಪ ಸರಿಯಿರಿ ಎಂದರಂತೆ. ಇವನು ಸರಿದನಂತೆ. ಅಷ್ಟೇ.

"ಅಲ್ಲಿ ನಾ ಯಾರೂ ಅಲ್ಲ ಅಕ್ಕಾ. ಮೊದಲ ಹಗುರ ಅನಸತು. ಆಮ್ಯಾಲ ಅಂಜಕಿ ಬಂತು."

ಹಗುರವಾದದ್ದು ಒಳ್ಳೆಯದೋ, ಅಂಜಿಕೆಯೇ ಒಳ್ಳೆಯದೋ ಎಂದು ನಾನು ಬಹಳ ದಿನ ಯೋಚಿಸಿದೆ. ಮತ್ತೆ ಅವನು ಉಮರ್ಗಾಕ್ಕೆ ಹೋಗಲಿಲ್ಲ.

ವರ್ಷ ತಿರುಗಿತು. ಎಳ್ಳ ಅಮಾವಾಸ್ಯೆ ಮುಗಿದ ಮೇಲೆ ಒಂದು ಬೆಳಿಗ್ಗೆ ಧೂಳಪ್ಪ ತಾನೇ ಬಂದು ಕಟ್ಟೆಯ ಕೆಳಗೆ ನಿಂತನು. ಅಪ್ಪನ ತಿಥಿಗೆ ಬರಬೇಕು ಎಂದನು. ಲೋಹಾರಾದ ಅಯ್ಯನನ್ನು ಕರೆಯೋಣ ಎಂದು ಶಿವರಾಯ ಹೇಳಿದ್ದನಂತೆ. ತಾನು ಒಪ್ಪಲಿಲ್ಲವಂತೆ. ಒಪ್ಪಲಿಲ್ಲ ಎನ್ನುವಾಗಲೂ ಧೂಳಪ್ಪನ ದನಿ ಗಟ್ಟಿ ಇರಲಿಲ್ಲ. ಇದು ಹೇಗಾಗುತ್ತದೆಂದು ಅವನಿಗೂ ಗೊತ್ತಿರಲಿಲ್ಲ. ಈ ಮನೆಯಲ್ಲಿ ಸರಿಯಾದರೆ ಉಳಿದ ಮನೆಗಳೂ ಕರೆಯುತ್ತವೆ, ಇಲ್ಲಿ ಏನಾದರೂ ಕೆಟ್ಟರೆ ಮುಗಿಯಿತು ಎಂದು ನಮ್ಮ ಮೂವರಿಗೂ ಗೊತ್ತಿತ್ತು.

ಅಂದೂ ಚಳಿ. ತಮ್ಮಯ್ಯ ಮೆತ್ತನೆಯ ಚಪ್ಪಲಿಯನ್ನು ಹೊಸ್ತಿಲ ಹೊರಗೆ ಬಿಟ್ಟನು. ಮಣೆಯ ಮೇಲೆ ಕುಳಿತನು. ಈ ಸಾರಿ ಎರಡೂ ಕಾಲು ಪರಾತದಲ್ಲಿ ಇಟ್ಟನು. ಮನೆಯವರೆಲ್ಲ ಎಡಗಾಲಿನ ಖಾಲಿ ಜಾಗ ನೋಡಿ, ನೋಡದವರಂತೆ ಬೇರೆ ಕಡೆ ತಿರುಗಿದರು. ಒಳಗಿನಿಂದ ಮೀನಲ ತಂಬಿಗೆ ತಂದಳು. ಸೆರಗಿನಲ್ಲಿ ಹಿಡಿದಿದ್ದಳು. ಹಬೆ ಏಳುತ್ತಿತ್ತು.

ನಾನು ಗೋಡೆಯ ಹತ್ತಿರ ಅದೇ ಜಾಗದಲ್ಲಿ ಇದ್ದೆ. ಈ ಸಾರಿ ಹಬೆ ಚಳಿಯದು ಎಂದುಕೊಳ್ಳಲಿಲ್ಲ. ತಮ್ಮಯ್ಯನ ಕಡೆ ನೋಡಿದೆ. ಅವನೂ ಹಬೆಯನ್ನೇ ನೋಡುತ್ತಿದ್ದನು. ಸುಮ್ಮನಿದ್ದರೆ ಇನ್ನೊಂದು ಬೆರಳು ಹೋದೀತು, ಆದರೆ ಅವನು ಮೊದಲಿನ ಅಯ್ಯನೋರೇ ಆಗಿ ಉಳಿಯುತ್ತಾನೆ. ಬಾಯಿಬಿಟ್ಟರೆ ಹೋದ ವರ್ಷದ್ದು ಈ ಹುಡುಗಿಗೆ ತಿಳಿದುಬಿಡಬಹುದು. ಧೂಳಪ್ಪ ಶಲ್ಯ ಚಾಚಿ ತಂಬಿಗೆ ತೆಗೆದುಕೊಳ್ಳಲು ಬಾಗಿದನು.

"ತಡಿ ಧೂಳಪ್ಪಾ," ಎಂದನು ತಮ್ಮಯ್ಯ. ಮೀನಲಳ ಕಡೆ ತಿರುಗಿದನು. "ಅವ್ವಾ, ಕೈ ಅದ್ದಿ ನೋಡು."

ಅತ್ತೆ ಮೆಲ್ಲಗೆ, "ಮೀಸಲ ನೀರರಿ ಅಯ್ಯನೋರೆ," ಎಂದಳು.

"ಗೊತ್ತದ. ನನ್ನ ಕಾಲಿಗಿ ಬಿಸಿ ಗೊತ್ತಾಗಂಗಿಲ್ಲ. ಯಾರರ ನೋಡಿ ಹೇಳಬೇಕು."

ಮೀನಲ ಅತ್ತೆಯ ಕಡೆ ನೋಡಿದಳು, ಮಾವನ ಕಡೆ ನೋಡಿದಳು. ಯಾರ ಮುಖದಲ್ಲೂ ಅಪ್ಪಣೆ ಇರಲಿಲ್ಲ. ಬೆರಳು ಅದ್ದಿದಳು, ತಟ್ಟನೆ ಎಳೆದುಕೊಂಡಳು.

"ಭಾಳ ಕಾವ ಅದರಿ."

ತನ್ನ ಬೆರಳು ನೋಡಿಕೊಂಡಳು. ಆಮೇಲೆ ಪರಾತದಲ್ಲಿದ್ದ ಎಡಗಾಲು ನೋಡಿದಳು. ಏನು ತಿಳಿದಳೋ ನನಗೆ ಗೊತ್ತಿಲ್ಲ. ತಂಬಿಗೆಯನ್ನು ಬಹಳ ನಿಧಾನವಾಗಿ ನೆಲಕ್ಕೆ ಇಟ್ಟು ಅದರ ಪಕ್ಕದಲ್ಲೇ ಕುಳಿತುಬಿಟ್ಟಳು. ತಮ್ಮಯ್ಯ ಅವಳ ಕಡೆ ನೋಡಲಿಲ್ಲ.

ಇದು ಇನ್ನು ಮೀಸಲು ನೀರು ಹೌದೋ ಅಲ್ಲವೋ, ಬೇರೆ ಸೇದಿ ತರಬೇಕೋ ಎಂದು ಧೂಳಪ್ಪ ಕೇಳಿದನು. ಹೇಳಬೇಕಾದವನು ಮಣೆಯ ಮೇಲಿದ್ದವನೇ. ಎಲ್ಲರೂ ಕಾದರು.

"ನನಗೂ ಗೊತ್ತಿಲ್ಲ ಧೂಳಪ್ಪಾ. ಆರಲಿ, ಕುಂಡ್ರೋಣು."

ಮಣೆಯ ಮೇಲಿಂದ ಒಬ್ಬ ಅಯ್ಯ ಗೊತ್ತಿಲ್ಲ ಎಂದದ್ದನ್ನು ನಾನು ಮೊದಲ ಸಾರಿ ಕೇಳಿದೆ. ಧೂಳಪ್ಪ ಶಲ್ಯ ಮಡಿಲಲ್ಲಿಟ್ಟು ಕುಳಿತನು. ಶಿವರಾಯ ಬಾಗಿಲಿಗೆ ಒರಗಿದನು. ನೀರು ಆರುವ ಹೊತ್ತಿಗೆ ಹೇಳುವ ಮಂತ್ರ ಯಾವುದೂ ಇಲ್ಲ. ಮಾತಾಡಬಹುದೋ, ಸುಮ್ಮನಿರಬೇಕೋ ಯಾರಿಗೂ ತಿಳಿಯಲಿಲ್ಲ. ತಮ್ಮಯ್ಯನ ಕಾಲು ಒಣ ಪರಾತದಲ್ಲಿ ಹಾಗೇ ಇತ್ತು. ಮೀನಲ ನಡು ನಡುವೆ ಬೆರಳು ಅದ್ದಿ ತೆಗೆಯುತ್ತಿದ್ದಳು, ಇನ್ನೂ ಇಲ್ಲ ಎಂದು ತಲೆ ಅಲ್ಲಾಡಿಸುತ್ತಿದ್ದಳು. ಹೊರಗೆ ಸಡಕಿನ ಕಡೆಯಿಂದ ಲಾರಿಯ ಸಪ್ಪಳ ಬಂದು ಹೋಯಿತು.

ಆಮೇಲೆ ಒಮ್ಮೆ ಅವಳು ಕೈ ಅದ್ದಿದಳು, ತೆಗೆಯಲಿಲ್ಲ. ಧೂಳಪ್ಪ ಎದ್ದನು.